ಒಂದು ಗಂಟೆಯ ನೇರ ಪ್ರಸಾರ

ಹನ್ನೆರಡೂ ಮುಕ್ಕಾಲಾಗಿತ್ತು. ಅವಳಿನ್ನೂ ಇವತ್ತಿನ ಅಕ್ಕನನ್ನು ಆರಿಸಿರಲಿಲ್ಲ.

ಅಡುಗೆಮನೆಯ ಕಟ್ಟೆಯ ಕೆಳಗೆ, ಮೊದಲು ಹಿಟ್ಟಿನ ಡಬ್ಬವಿದ್ದ ಜಾಗದಲ್ಲಿ, ಹಳೆಯ ಕಂಪ್ಯೂಟರೊಂದು ಒಂದೇ ಸಮ ಗೊಣಗುತ್ತಿತ್ತು. ಅದರ ಹೊಟ್ಟೆಯೊಳಗೆ ಅರವತ್ತೆರಡು ಅಕ್ಕಂದಿರಿದ್ದರು. ಎಲ್ಲರದೂ ಅದೇ ಕಪ್ಪು ಕೋಟು, ಅದೇ ಬಿಗಿಯಾಗಿ ಹಿಂದಕ್ಕೆ ಕಟ್ಟಿದ ಕೂದಲು. ಒಂದು ಗಂಟೆಯ ವಾರ್ತೆಯ ಮೂಲೆಯಲ್ಲಿ, ಅಂಗೈಯಗಲದ ವೃತ್ತದೊಳಗೆ ನಿಂತು, ಓದುವವನ ಮಾತನ್ನೆಲ್ಲ ಕಿವಿ ಕೇಳದವರಿಗಾಗಿ ಕೈಸನ್ನೆಗೆ ತಿರುಗಿಸುತ್ತಿದ್ದವಳು ಅಕ್ಕ. ಆ ಕೆಲಸ ಬಿಟ್ಟು ನಾಲ್ಕು ತಿಂಗಳಾಯಿತು. ಅಮ್ಮನಿಗೆ ಅದು ಗೊತ್ತಿಲ್ಲ. ಗೊತ್ತಾಗದಂತೆ ದಿನಾ ಮಧ್ಯಾಹ್ನ ತಂಗಿಯಾದ ಅವಳು ರೆಕಾರ್ಡ್ ಮಾಡಿಟ್ಟ ಹಳೆಯ ವಾರ್ತೆಯೊಂದನ್ನು ಆರಿಸಿ, ಸರಿಯಾಗಿ ಒಂದು ಗಂಟೆಗೆ, ಈಗಷ್ಟೇ ನಡೆಯುತ್ತಿದೆಯೆನ್ನುವ ಹಾಗೆ ಅಮ್ಮನ ಟ್ಯಾಬಿಗೆ ಹರಿಯಬಿಡುತ್ತಿದ್ದಳು. ಮೊದಲ ಒಂದು ನಿಮಿಷವನ್ನು ಕತ್ತರಿಸಿಬಿಡಬೇಕು, ಅದರಲ್ಲಿ ಅಕ್ಕ ತಾರೀಖು ಹೇಳುತ್ತಾಳೆ. ಕೊನೆಯ ಅರ್ಧ ನಿಮಿಷವನ್ನೂ ಕತ್ತರಿಸಬೇಕು, ಅದರಲ್ಲಿ ನಾಳೆಯ ಹವಾಮಾನ ಇರುತ್ತದೆ. ಬಾಯಿಗೆ ಬಂದ ಸುಳ್ಳನ್ನು ಹೇಳಿಬಿಡುವುದು ಸುಲಭವಿರಬಹುದು. ಇಷ್ಟು ಅಚ್ಚುಕಟ್ಟಾಗಿ ಅಂಚು ಮಡಚಿ ಇಸ್ತ್ರಿ ಹಾಕಿದ ಸುಳ್ಳು ತನ್ನ ಕೈಯಿಂದ ಆಗುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

ಮೂವತ್ತೊಂಬತ್ತನೆಯದನ್ನು ಒತ್ತಿದಳು. ಯಾವತ್ತಿನದೆಂದು ನೋಡಲಿಲ್ಲ. ಯಾವತ್ತಿನದಾದರೇನು, ಅಮ್ಮನಿಗೆ ಅಕ್ಕನ ಕೈಭಾಷೆಯಲ್ಲಿ ಅರ್ಧ ತಿಳಿಯುವುದಿಲ್ಲ. ಅದು ಶಾಲೆಯಲ್ಲಿ ಕಲಿಸುವ ಸನ್ನೆ. ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹುಟ್ಟಿನಿಂದ ಕಿವಿಯಿಲ್ಲದೆ, ಮಾತಿಲ್ಲದೆ ಬೆಳೆದು, ತನ್ನದೇ ಒಂದು ಭಾಷೆ ಕಟ್ಟಿಕೊಂಡಿದ್ದಳು. ಹುಬ್ಬಿನ ಮೇಲೊಂದು ಗೆರೆ ಎಳೆದರೆ ಅಕ್ಕ, ಚಿಕ್ಕಂದಿನಲ್ಲಿ ಬಿದ್ದ ಗಾಯದ ಗುರುತು. ಮೂಗು ಮುಚ್ಚಿದರೆ ಕೆಳಗಿನ ಮನೆಯ ಒಡತಿ, ಅದಕ್ಕೆ ಕಾರಣ ಹೇಳುವಂತಿಲ್ಲ. ಈ ಭಾಷೆ ಬರುವವರು ಲೋಕದಲ್ಲಿ ಮೂವರೇ, ಅಕ್ಕ ಓದಿ ದೊಡ್ಡ ಸನ್ನೆಗಳನ್ನು ಕಲಿತ ಮೇಲೆ ಇಬ್ಬರೇ. ಅದಕ್ಕೇ ವಾರ್ತೆಯ ಹೊತ್ತಿಗೆ ಅವಳು ಟ್ಯಾಬಿನ ಪಕ್ಕ ಮಣೆ ಹಾಕಿಕೊಂಡು ಕೂತು, ಅಕ್ಕ ಪರದೆಯೊಳಗೆ ಹೇಳಿದ್ದನ್ನು ಪರದೆಯ ಹೊರಗೆ ಮನೆಯ ಸನ್ನೆಯಲ್ಲಿ ಮತ್ತೆ ಹೇಳಬೇಕಿತ್ತು. ಅನುವಾದಕ್ಕೊಂದು ಅನುವಾದ. ಅಮ್ಮನ ಕಣ್ಣು ಮಾತ್ರ ಇಡೀ ಹೊತ್ತು ಅಕ್ಕನ ಮೇಲೆ. ಏನಾದರೂ ತಿಳಿಯದೆ ಹೋದಾಗ ಅಷ್ಟೇ, ಗೋಡೆ ಗಡಿಯಾರ ನೋಡುವ ಹಾಗೆ, ಇವಳ ಕೈಗಳ ಕಡೆ ಒಮ್ಮೆ ನೋಡಿ ಮತ್ತೆ ಅಲ್ಲಿಗೇ.

ಮೊದಲಿಗೆ ಎಲ್ಲವೂ ನಿಜವಾಗಿಯೇ ಇತ್ತು. ಅಮ್ಮ ಕಿಟಕಿಯ ಬೆಳಕಿನಲ್ಲಿ ಕೂತು ಸಮವಸ್ತ್ರಗಳಿಗೆ ಗುಂಡಿ ಹೊಲಿಯುತ್ತಾಳೆ, ಅಲ್ಲಿ ಟಿವಿ ಇಡಲು ಜಾಗವಿಲ್ಲ. ಅಕ್ಕನ ವಾಹಿನಿ ಸಣ್ಣದು, ತಾರಸಿಯ ಆಂಟೆನಾದಲ್ಲಿ ಬಿಟ್ಟರೆ ಮತ್ತೆಲ್ಲೂ ಸಿಗುತ್ತಿರಲಿಲ್ಲ. ಬೀದಿಯ ಕೊನೆಯ ರಿಪೇರಿ ಅಂಗಡಿಯ ಎದುರು ಅವಳು ಮೂರು ದಿನ ಸುಮ್ಮನೆ ನಿಂತು ವಾಪಸು ಬಂದಿದ್ದಳು. ನಾಲ್ಕನೆಯ ದಿನ ರಿಪೇರಿಯವನೇ ತಲೆಯೆತ್ತದೆ ಕೇಳಿದ.

"ಏನಮ್ಮಾ, ಅಂಗಡಿ ಕಾಯೋಕೆ ಬರ್ತೀಯಾ ದಿನಾ? ಸಂಬಳ ಕೊಡೋಕಾಗಲ್ಲ ನಂಗೆ."

ಅವಳ ಗಂಟಲು ತೆರೆಯಲೇ ಹೊತ್ತಾಯಿತು. ಬೆಳಗಿನ ಪಾಳಿ ಆಸ್ಪತ್ರೆಯ ಲಾಂಡ್ರಿಯಲ್ಲಿ. ಅಲ್ಲಿ ಯಂತ್ರಗಳ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳದು. ಮನೆಯಲ್ಲಿ ಅಮ್ಮ. ಕೆಲವು ದಿನ ಸಂಜೆಯ ಹೊತ್ತಿಗೆ ತನ್ನ ದನಿಯನ್ನು ತಾನು ಇಡೀ ದಿನ ಕೇಳಿಲ್ಲವೆಂಬುದು ಹೊಳೆದು, ಬಚ್ಚಲಲ್ಲಿ ನಿಂತು ಒಂದೆರಡು ಪದ ಹೇಳಿ ನೋಡುತ್ತಿದ್ದಳು, ಹಾಗೇ, ನಲ್ಲಿ ಬರುತ್ತಿದೆಯೋ ಇಲ್ಲವೋ ತಿರುಗಿಸಿ ನೋಡುವಂತೆ. ರಿಪೇರಿಯವನು ಅವಳ ತುಂಡು ತುಂಡು ಮಾತನ್ನು ಜೋಡಿಸಿಕೊಂಡು ಅರ್ಥ ಮಾಡಿಕೊಂಡ. ಮೂಲೆಗೆ ಬಿದ್ದಿದ್ದ ಕಂಪ್ಯೂಟರೊಂದನ್ನು ಒರೆಸಿ ಕೊಟ್ಟ. ಆಂಟೆನಾದ ತಂತಿ ಒಂದು ಪುಟ್ಟ ಡಬ್ಬಿಗೆ, ಡಬ್ಬಿ ಕಂಪ್ಯೂಟರಿಗೆ, ಕಂಪ್ಯೂಟರಿನಿಂದ ಗಾಳಿಯಲ್ಲಿ ಟ್ಯಾಬಿಗೆ. "ಇದನ್ನ ಸರ್ವರ್ ಅಂತಾರೆ. ಬಡಿಸೋದು ಇದರ ಕೆಲಸ, ತಿನ್ನೋದು ಅದರ ಕೆಲಸ. ಇಲ್ನೋಡು, ಇದು ಚಾನೆಲ್ ಪಟ್ಟಿ. ಒಂದೊಂದು ಸಾಲಿಗೆ ಒಂದೊಂದು ವಿಳಾಸ. ಆ ವಿಳಾಸದಲ್ಲಿ ಏನಿದೆ ಅಂತ ಇದು ಕೇಳಲ್ಲ, ಸಿಕ್ಕಿದ್ದನ್ನ ತಂದು ಹಾಕುತ್ತೆ ಅಷ್ಟೇ. ಸಾಧು ಪ್ರಾಣಿ." ಅವಳು ಒಮ್ಮೆ ನೋಡಿದ್ದನ್ನು ಎರಡನೆಯ ಸಲ ತಾನೇ ಮಾಡಿದಳು. ಅವನು ಹುಬ್ಬೇರಿಸಿದ. "ಎಷ್ಟನೇ ಕ್ಲಾಸು ಓದಿದೀಯಾ ಇಂಜಿನಿಯರಮ್ಮಾ?" ಅವಳು ಎಂಟು ಬೆರಳು ತೋರಿಸಿದಳು. ಎಂಟನೆಯದು ಪೂರ್ತಿಯಾಗಿರಲಿಲ್ಲ. ಅಮ್ಮನ ಹೊಟ್ಟೆಯ ಆಪರೇಷನ್ನಿಗೆ ಆಸ್ಪತ್ರೆಯಲ್ಲಿ ಜೊತೆಗೊಂದು ಬಾಯಿ ಬೇಕಿತ್ತು. ಅಕ್ಕನಿಗೆ ಪರೀಕ್ಷೆ. ಹದಿನೈದು ದಿನ ಅಂದರು. ಒಂಬತ್ತು ವರ್ಷವಾಯಿತು.

ಮೊದಲ ಮಧ್ಯಾಹ್ನ ಟ್ಯಾಬಿನಲ್ಲಿ ವಾರ್ತೆ ಮೂಡಿದಾಗ ಅಮ್ಮ ಎರಡು ಬೆರಳಿಟ್ಟು ಚಿತ್ರವನ್ನು ಹಿಗ್ಗಿಸಿದಳು. ಓದುವವನು ಹೋದ, ಅಕ್ಷರಗಳು ಹೋದವು, ಗಡಿಯಾರ ಹೋಯಿತು. ಪರದೆಯ ತುಂಬ ಅಕ್ಕ. ಅಮ್ಮ ಸೂಜಿಯನ್ನು ಕೊರಳಪಟ್ಟಿಗೆ ಚುಚ್ಚಿಕೊಂಡು, ಬೆರಳನ್ನು ತೊಡೆಗೆ ಕುಟ್ಟಿ ಕುಟ್ಟಿ ಕೇಳಿದಳು. "ಈಗ? ಈಗಲೇ? ಅಲ್ಲಿ ಅವಳು ಕೈ ಎತ್ತಿದರೆ ಇಲ್ಲಿ?" ಅರ್ಧ ನಿಮಿಷ ತಡವೆಂದು ಅವಳು ಹೇಳಲಿಲ್ಲ. "ಈಗಲೇ" ಎಂದಳು. ಬಹುಶಃ ಅಲ್ಲಿಂದಲೇ ಶುರುವಾಯಿತೇನೋ, ಆ ಅರ್ಧ ನಿಮಿಷದಿಂದ. ಅರ್ಧ ನಿಮಿಷ ಹಳತಾದರೆ ತಪ್ಪಿಲ್ಲ; ಒಂದು ಗಂಟೆ? ಅಮ್ಮ ಹೊಲಿದದ್ದನ್ನು ಕೊಡಲು ಕಾರ್ಖಾನೆಗೆ ಹೋದ ದಿನಗಳಲ್ಲಿ ವಾರ್ತೆ ತಪ್ಪದಿರಲೆಂದು ಸರ್ವರಿನಲ್ಲಿ ರೆಕಾರ್ಡ್ ಮಾಡಿಡುತ್ತಿದ್ದಳು, ಸಂಜೆ ತೋರಿಸುತ್ತಿದ್ದಳು. ನೋಡಿದ್ದನ್ನು ಅಳಿಸಬೇಕಿತ್ತು. ಅಳಿಸಲಿಲ್ಲ.

ಅಕ್ಕನ ಫೋನು ಬಂದಾಗ ಅವಳು ಲಾಂಡ್ರಿಯ ಹಿಂದಿನ ಮೆಟ್ಟಿಲ ಮೇಲಿದ್ದಳು.

"ಬಿಟ್ಟೆ ಕಣೇ ಪುಟ್ಟಿ ಆ ಕೆಲಸಾನ. ಅವರೂ ಕೈಸನ್ನೆ ಕಾರ್ಯಕ್ರಮ ನಿಲ್ಲಿಸ್ತಾರಂತೆ, ಅದಕ್ಕೆ ಮೊದಲೇ ನಾನೇ ಬಿಟ್ಟೆ. ಇಲ್ಲೊಂದು ಆಫೀಸು ಸಿಕ್ಕಿದೆ. ಸದ್ಯ ಅಮ್ಮಂಗೆ ಬಾಯಿ ಬಿಡಬೇಡ. ಬಾಯಲ್ಲ, ಕೈ." ಅಕ್ಕ ನಕ್ಕಳು. "ನಾನೇ ಹೇಳ್ತೀನಿ."

"ವಿಡಿಯೋ ಮಾಡೇ ಅಕ್ಕಾ ಒಂದ್ಸಲ. ಅಮ್ಮ ನಿನ್ನ ಮುಖ ನೋಡ್ತಾರೆ."

"ನೆಟ್ ಸರಿಯಿಲ್ಲ ಕಣೇ ಇಲ್ಲಿ. ಮಾಡ್ತೀನಿ, ಮಾಡ್ತೀನಿ."

ಅದಾದ ಮೇಲೆ ನಾಲ್ಕು ಸಲ ಫೋನು ಬಂತು, ನಾಲ್ಕು ಸಲವೂ ದನಿ ಮಾತ್ರ. ದನಿಯನ್ನು ಅಮ್ಮನಿಗೆ ಹೇಗೆ ತೋರಿಸುವುದು? ಆ ಮೊದಲ ಫೋನು ಬಂದ ಮರುದಿನ ಒಂದು ಗಂಟೆಗೆ ಐದು ನಿಮಿಷವಿರುವಾಗ ಅಮ್ಮ ತಲೆಗೂದಲು ಒಪ್ಪ ಮಾಡಿಕೊಂಡು ಟ್ಯಾಬಿನೆದುರು ಕೂತಳು. ತಾನು ನೋಡುವುದಷ್ಟೇ ಅಲ್ಲ, ಅಲ್ಲಿಂದಲೂ ಯಾರೋ ನೋಡುತ್ತಾರೆ ಎಂಬಂತೆ ದಿನಾ ಹೀಗೆ ಒಪ್ಪವಾಗುತ್ತಿದ್ದಳು. ಅಡುಗೆಮನೆಯಲ್ಲಿ ಅವಳು ಕಟ್ಟೆಯ ಕೆಳಗೆ ಬಗ್ಗಿ, ಚಾನೆಲ್ ಪಟ್ಟಿಯ ಆ ಸಾಲಿನಲ್ಲಿ ಆಂಟೆನಾದ ವಿಳಾಸವನ್ನು ಅಳಿಸಿ ಹಳೆಯ ರೆಕಾರ್ಡಿಂಗೊಂದರ ವಿಳಾಸ ಬರೆದಳು. ಇದೊಂದೇ ದಿನ, ಅಂದುಕೊಂಡಳು. ಸಾಧು ಪ್ರಾಣಿ ಏನೂ ಕೇಳಲಿಲ್ಲ.

ಆಮೇಲಾಮೇಲೆ ಅವಳು ಬೆಳಿಗ್ಗೆಯೇ ಫೋನಿನಲ್ಲಿ ಆ ದಿನದ ಸುದ್ದಿ ಓದಿಕೊಂಡು ಬರತೊಡಗಿದಳು. ಪರದೆಯಲ್ಲಿ ಅಕ್ಕ ತಿಂಗಳುಗಳ ಹಿಂದಿನ ಏನನ್ನೋ ಹೇಳುತ್ತಿರುವಾಗ ಪಕ್ಕದಲ್ಲಿ ಅವಳು ಇವತ್ತಿನದನ್ನು ಹೇಳುತ್ತಿದ್ದಳು. ಅಮ್ಮನಿಗೆ ಸುಳ್ಳು ಸುದ್ದಿಯನ್ನಂತೂ ಹೇಳುತ್ತಿಲ್ಲವಲ್ಲ ಎಂಬ ಸಮಾಧಾನ. ಆದರೆ ಅದರಡಿಯಲ್ಲಿ ಬೇರೊಂದಿತ್ತು, ಅದನ್ನು ನೇರ ನೋಡಲು ಅವಳಿಗೆ ನಾಚಿಕೆಯಾಗುತ್ತಿತ್ತು. ಅಕ್ಕನ ಕೈಗಳು ಈಗ ತನ್ನ ಮಾತಿಗೆ ತಕ್ಕಂತೆ ಆಡುತ್ತಿವೆ ಎನ್ನುವ ಒಂದು ಸಣ್ಣ ಖುಷಿ. ಓದಿದವಳು, ಕೋಟು ತೊಟ್ಟವಳು, ತಾನು ಹಾಕಿದ ಹೊತ್ತಿಗೆ ಬಂದು, ತಾನು ಹೇಳಿದ್ದನ್ನು ಹೇಳಿ, ತಾನು ಕತ್ತರಿಸಿದಲ್ಲಿ ನಿಲ್ಲುತ್ತಾಳೆ.

ಮೂವತ್ತೊಂಬತ್ತನೆಯ ಅಕ್ಕ ಕೈ ಎತ್ತಿದಳು. ಅಮ್ಮ ಮುಂದಕ್ಕೆ ಬಾಗಿದಳು. ಅವಳು ಮಣೆಯ ಮೇಲೆ ಕೂತು ಇವತ್ತಿನದನ್ನು ಶುರುಮಾಡಿದಳು. ಬಸ್ಸಿನವರು ಮುಷ್ಕರ ಹೂಡಿದ್ದಾರೆ, ಜನ ನಡೆದು ಹೋಗುತ್ತಿದ್ದಾರೆ. ಈರುಳ್ಳಿಯ ಬೆಲೆ ಇಳಿದಿದೆ. ಕೈಗಳು ತಮ್ಮಷ್ಟಕ್ಕೆ ಆಡುತ್ತಿದ್ದವು, ಮನಸ್ಸು ಬೆಳಿಗ್ಗೆ ಇಸ್ತ್ರಿಯಲ್ಲಿ ಸುಟ್ಟ ಹಾಸುಬಟ್ಟೆಯ ಮೇಲಿತ್ತು, ಮೇಲ್ವಿಚಾರಕಿ ಅದನ್ನು ಎಲ್ಲರೆದುರು ಬಾವುಟದಂತೆ ಎತ್ತಿ ಹಿಡಿದಿದ್ದಳು. ಅಮ್ಮ ಅಂಗೈ ಚಾಚಿ "ತಡೆ" ಎಂದದ್ದನ್ನು ಅವಳು ಎರಡನೆಯ ಸಲಕ್ಕೆ ಕಂಡಳು.

ಅಮ್ಮ ಅವಳ ಕಡೆ ತಿರುಗಿದ್ದಳು, ಪೂರ್ತಿ ಮೈ ತಿರುಗಿಸಿ. ಆಮೇಲೆ ನಿಧಾನವಾಗಿ, ಎಳೆಯ ಮಕ್ಕಳು ಅಕ್ಷರ ತಿದ್ದುವಂತೆ, ಅಮ್ಮನ ಕೈಗಳು ಮನೆಯದಲ್ಲದ ಸನ್ನೆ ಮಾಡಿದವು. ಅಕ್ಕನ ಸನ್ನೆ. "ನೀರು." ಯೋಚಿಸಿ, ಮತ್ತೊಂದು. "ದೋಣಿ. ಮಕ್ಕಳು. ಇಬ್ಬರು." ನಂತರ ಮನೆಯ ಸನ್ನೆಗೆ ಇಳಿದು, "ನೀನು ಬಸ್ಸು ಅಂದೆ."

ಅವಳ ಕೈಗಳು ಮಡಿಲಲ್ಲಿ ಬಿದ್ದವು.

ಅಮ್ಮನಿಗೆ ನಗು ತಡೆಯಲಾಗುತ್ತಿರಲಿಲ್ಲ. ಬಚ್ಚಿಟ್ಟ ಉಡುಗೊರೆ ಅವಸರಕ್ಕೆ ಹೊರಬಿದ್ದ ಹಾಗೆ ಎಲ್ಲವನ್ನೂ ಒಟ್ಟೊಟ್ಟಿಗೆ ಹೇಳಿದಳು. ಕಾರ್ಖಾನೆಯಲ್ಲಿ ಗುಂಡಿಗೆ ಕಾಜ ಹಾಕುವ ಯಂತ್ರಕ್ಕೆ ಹೊಸಬಳೊಬ್ಬಳು ಬಂದಿದ್ದಾಳೆ. ಉದ್ದ ಜಡೆಯವಳು, ತನ್ನಂತೆಯೇ ಕಿವಿಯಿಲ್ಲ, ಆದರೆ ಶಾಲೆಗೆ ಹೋದವಳು. ಬಟ್ಟೆ ಕೊಡಲು ಹೋದಾಗೆಲ್ಲ ಅರ್ಧ ಗಂಟೆ ಪಾಠ. ಎರಡು ತಿಂಗಳಿಂದ. "ಯಾಕೆ ಹೇಳಲಿಲ್ಲ?" ಎಂದು ಕೇಳಿದ್ದಕ್ಕೆ ಅಮ್ಮ ಹುಬ್ಬಿನ ಮೇಲೆ ಗೆರೆ ಎಳೆದು, ಎದೆ ತಟ್ಟಿಕೊಂಡು, ಎರಡು ಕೈಗಳನ್ನೂ ಒಂದಕ್ಕೊಂದು ಎದುರು ಹಿಡಿದು ಆಡಿಸಿದಳು. ಅವಳು, ನಾನು, ಎದುರೆದುರು. ನಡುವೆ ಯಾರೂ ಇರಲಿಲ್ಲ.

ಹೇಳುತ್ತಾ ಹೇಳುತ್ತಾ ಆ ನಗುವಿನ ಅಂಚಿನಲ್ಲಿ ಏನೋ ಹರಿಯಿತು. ಅಮ್ಮ ಪರದೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದಳು. "ನಿನ್ನೆಯೂ. ಅವಳು ರೈಲು ಅಂದಳು. ನೀನು ಶಾಲೆ, ರಜೆ ಅಂದೆ. ನನಗೇ ತಪ್ಪಿತೇನೋ ಅಂದುಕೊಂಡೆ." ಮತ್ತೆ ಕೇಳಿದಳು. "ಆಸ್ಪತ್ರೆಯಲ್ಲಿ? ಡಾಕ್ಟರು? ಅವರು ಹೇಳಿದ್ದು?"

ಇಲ್ಲ ಎನ್ನಬಹುದಿತ್ತು. ಆದರೆ ಹದಿಮೂರು ವರ್ಷದ ಅವಳು ಆಸ್ಪತ್ರೆಯ ಮಂಚದ ಪಕ್ಕ ಇನ್ನೂ ನಿಂತೇ ಇದ್ದಳು, ಡಾಕ್ಟರು ಫೈಲು ಮುಚ್ಚುತ್ತಾ, "ಇವರಿಗೆಲ್ಲ ಹೇಳಿದ್ರೆ ಎಲ್ಲಿ ಅರ್ಥ ಆಗುತ್ತೆ, ಸಹಿ ಹಾಕಿಸ್ಕೊಳ್ಳಿ ಸಾಕು" ಅಂದಿದ್ದರು, ಡಾಕ್ಟರು ಏನೆಂದರು ಎಂದು ಅಮ್ಮ ಕೇಳಿದ್ದಕ್ಕೆ ಅವಳು "ಹೆದರಬೇಡಿ, ಮಗು ಮಲಗಿದ ಹಾಗೆ ಮಲಗಿ ಏಳುತ್ತೀರಿ" ಎಂದು ತಿರುಗಿಸಿದ್ದಳು. ಅಮ್ಮ ಡಾಕ್ಟರಿಗೆ ಕೈ ಮುಗಿದಿದ್ದಳು. ಮನೆಯೊಡತಿ ಮೆಟ್ಟಿಲ ಮೇಲೆ, "ಏನೇ, ನಿಮ್ಮಮ್ಮ ಆ ಮೂಗಿಗೆ ನಲ್ಲಿ ನಿಲ್ಲಿಸೋಕೂ ಗೊತ್ತಾಗಲ್ವಾ?" ಅಂದದ್ದು ಅಮ್ಮನಿಗೆ "ಆರೋಗ್ಯವಾ?" ಎಂದು ಮುಟ್ಟಿತ್ತು. ಅಮ್ಮನೂ ಮೂಗು ಮುಚ್ಚುವುದನ್ನು ಮರೆತು ಒಂದು ಸಲ ಆ ಒಡತಿಗೆ ಹರಿದ ರವಿಕೆ ಹೊಲಿದು ಕೊಟ್ಟಳು. ಒಂಬತ್ತು ವರ್ಷ ಲೋಕ ಅಮ್ಮನೊಡನೆ ಆಡಿದ ಮಾತೆಲ್ಲ ಅವಳ ಕೈಯಿಂದ ಹಾದುಬರುವಾಗ ಒಗೆದು, ಗಂಜಿ ಹಾಕಿ, ಮಡಚಿ ಬಂದದ್ದೇ. ಹಾಗಾದರೆ ಅಮ್ಮನ ಸಂಶಯ ಸುಳ್ಳೇ? ಈಗಿನ ಸುಳ್ಳನ್ನು ಒಪ್ಪಿಕೊಂಡರೆ ಹಿಂದಿನದೆಲ್ಲವೂ ಒಟ್ಟಿಗೇ ಬಿಚ್ಚಿಕೊಳ್ಳುತ್ತದೆ. ಆಮೇಲೆ ಈ ಕೈಗಳನ್ನು ಅಮ್ಮ ಯಾವತ್ತು ನಂಬಬೇಕು?

ಅವಳು ಕಡಿಮೆ ಬೆಲೆಯ ಸುಳ್ಳೊಂದನ್ನು ಆರಿಸಿಕೊಂಡಳು. "ಟ್ಯಾಬಿನ ದನಿ ಸರಿಯಾಗಿ ಕೇಳಿಸುವುದಿಲ್ಲ, ನನಗೆ ಅವಳ ಸನ್ನೆಯೂ ಸರಿಯಾಗಿ ಬರುವುದಿಲ್ಲ. ಊಹೆ ಮಾಡಿ ಹೇಳುತ್ತಿದ್ದೆ. ನಾನು ಶಾಲೆಗೆ ಹೋಗಲಿಲ್ಲವಲ್ಲ."

ಬೈಯುತ್ತಾಳೆಂದು ಕಾದಳು. ಅಮ್ಮ ಬೈಯಲಿಲ್ಲ. ಸೂಜಿ ಚುಚ್ಚದಿರಲೆಂದು ಅಂಗುಸ್ತಾನ ತೊಟ್ಟ ಬೆರಳಿನಿಂದ ಅವಳ ಕೆನ್ನೆ ಸವರಿದಳು, ಲೋಹ ತಣ್ಣಗಿತ್ತು. "ನನ್ನಿಂದ" ಎಂದಳು. "ನನ್ನಿಂದಲೇ ಶಾಲೆ ಹೋಯಿತು." ಬೈದಿದ್ದರೆ ಎದುರಿಸಬಹುದಿತ್ತು. "ನಾಳೆಯಿಂದ ನೀನು ಹೇಳಬೇಡ. ನಾನೇ ನೋಡುತ್ತೇನೆ. ನೀನು ಕಾಲು ಚಾಚಿ ಮಲಗು, ಬೆಳಗಿನಿಂದ ನಿಂತಿರುತ್ತೀ." ಎದ್ದು ಹೋಗುವ ಮೊದಲು, ನೆನಪಾದ ಹಾಗೆ, "ಸೋಮವಾರ ಜಡೆಯವಳು ಬರುತ್ತಾಳೆ, ನಿನ್ನಕ್ಕನನ್ನು ನೋಡಲಿಕ್ಕೆ. ಒಂದು ಗಂಟೆಯ ವಾರ್ತೆಯಲ್ಲಿ ಈಗ ಕೈ ಬರುವುದಿಲ್ಲ, ಎಂದೋ ನಿಂತಿತು, ನೀನು ಕನಸು ಕಾಣುತ್ತೀ ಅಂದಳು. ಯಂತ್ರದವರೆಲ್ಲ ನಕ್ಕರು. ನಾನು ದಿನಾ ನೋಡುತ್ತೇನೆ, ನನಗೆ ಗೊತ್ತಿಲ್ಲವಾ? ಬಂದು ನೋಡಲಿ." ಅಮ್ಮನ ಗದ್ದ ಮೇಲಕ್ಕೆತ್ತಿಕೊಂಡಿತ್ತು. ಕಾರ್ಖಾನೆಯ ಆ ಉದ್ದ ಕೋಣೆ, ನಗುವ ಬಾಯಿಗಳು, ನಡುವೆ ಅಮ್ಮ ಒಬ್ಬಳೇ ತೊಡೆಗೆ ಬೆರಳು ಕುಟ್ಟಿ ಈಗ, ಈಗ ಎನ್ನುತ್ತಿರುವುದು ಅವಳಿಗೆ ಅಲ್ಲಿಯೇ ಇದ್ದಂತೆ ಕಂಡಿತು.

ಸಂಜೆ ಅಕ್ಕನಿಗೆ ಫೋನು ಮಾಡಿದಳು. ಹಿಂದೆ ಯಾರೋ ನಗುವ, ಲೋಟ ಇಡುವ ಸದ್ದು.

"ನೀನು ಹೇಳ್ಬೇಕು ಅಕ್ಕಾ. ಈಗಲೇ. ವಿಡಿಯೋದಲ್ಲಿ."

"ಏನಾಯ್ತೇ ಈಗ ಅಂಥದ್ದು? ವಾರ್ತೇಲಿ ನಾನಿಲ್ಲ ಅಂತ ಅಮ್ಮ ಏನೂ ಕೇಳಿಲ್ವಲ್ಲ ಇಷ್ಟು ದಿನ. ಅವರಿಗೂ ಮರೆತಿರುತ್ತೆ ಬಿಡು."

"ಮರೆತಿಲ್ಲ."

"ಹಾಗಾದ್ರೆ ನೀನೇ ಹೇಳ್ಬಿಡು. ನಿಂಗೆ ಬರೋ ಹಾಗೆ ನಂಗೆಲ್ಲಿ ಬರುತ್ತೆ ಅಮ್ಮನ ಭಾಷೆ? ನೀನು ಹೇಳಿದ್ರೆ ನಾನು ಹೇಳಿದ ಹಾಗೇ."

ಫೋನಿಟ್ಟ ಮೇಲೂ ಸ್ವಲ್ಪ ಹೊತ್ತು ಅದನ್ನು ಕಿವಿಯ ಬಳಿಯೇ ಹಿಡಿದಿದ್ದಳು. ಅಕ್ಕನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಬರೀ ಅಸೂಯೆ, ಇಷ್ಟು ಹಗುರವಾಗಿ ಬಿಟ್ಟುಬಿಡಲು ಬರುವವರ ಬಗ್ಗೆ.

ಮರುದಿನ, ಶನಿವಾರ, ಪಾಳಿ ಮುಗಿಸಿ ಬರುವಷ್ಟರಲ್ಲಿ ಅಮ್ಮ ತಲೆ ಬಾಚಿ ಆಗಿತ್ತು. ಮಣೆಯನ್ನು ತೆಗೆದು ಗೋಡೆಗೆ ಒರಗಿಸಿದ್ದಳು. ಬೈಯದೆ, ಸಿಟ್ಟಿಲ್ಲದೆ, ಅಷ್ಟೇ ಒಪ್ಪವಾಗಿ. ಅವಳು ಅಡುಗೆಮನೆಗೆ ಹೋಗಿ ಕಟ್ಟೆಯ ಕೆಳಗೆ ಬಗ್ಗಿದಳು. ಅರವತ್ತೆರಡು ಹೆಸರುಗಳ ಸಾಲು. ಇನ್ನೂ ದಾರಿಯಿತ್ತು. ನೀರು, ದೋಣಿ ಇಲ್ಲದ ಒಂದನ್ನು ಆರಿಸಬಹುದು. ಸೋಮವಾರ ಆಂಟೆನಾ ಕೆಟ್ಟಿತೆನ್ನಬಹುದು, ತಂತಿ ಕೀಳಬಹುದು, ಡಬ್ಬಿ ಸುಟ್ಟಿತೆನ್ನಬಹುದು. ಇಂಜಿನಿಯರಮ್ಮನ ಮಾತಿಗೆ ಈ ಮನೆಯಲ್ಲಿ ಎದುರಾಡುವವರು ಯಾರಿದ್ದಾರೆ? ಹಾಗೆ ಮಾಡಿದರೆ ಜಡೆಯವಳು ವಾಪಸು ಹೋಗುತ್ತಾಳೆ, ಕೋಣೆಯವರೆಲ್ಲ ಮತ್ತೊಮ್ಮೆ ನಗುತ್ತಾರೆ, ಆ ನಗುವಿನ ಅರ್ಥವನ್ನು ಅಮ್ಮ ಯಾರನ್ನೂ ಕೇಳದೆ ತಾನೇ ಓದಿಕೊಳ್ಳುತ್ತಾಳೆ. ಅವಳು ಆ ಸಾಲನ್ನು ಅಳಿಸಿದಳು. ಆಂಟೆನಾದ ವಿಳಾಸವನ್ನು ಮತ್ತೆ ಬರೆಯುವಾಗ ಒಂದು ಅಂಕಿ ತಪ್ಪಿತು, ತಿದ್ದಿದಳು.

ಟ್ಯಾಬಿನಲ್ಲಿ ಪುಟ್ಟ ವೃತ್ತವೊಂದು ಸುತ್ತಿತು, ಸುತ್ತಿತು. ಆಮೇಲೆ ವಾರ್ತೆ. ಓದುವವನ ಜಾಗದಲ್ಲಿ ಈಗ ಬೇರೊಬ್ಬನಿದ್ದ. ಅಮ್ಮ ಎಂದಿನಂತೆ ಎರಡು ಬೆರಳಿಟ್ಟು ಮೂಲೆಯನ್ನು ಹಿಗ್ಗಿಸಿದಳು. ಮೇಜಿನ ಅಂಚು ಬಂತು. ಇನ್ನೂ ಹಿಗ್ಗಿಸಿದಳು. ನೀಲಿ ಬಣ್ಣ ಚೌಕ ಚೌಕವಾಗಿ ಒಡೆಯಿತು. ಬೆರಳೆತ್ತಿ ಪರದೆಯನ್ನು ಸೆರಗಿನಿಂದ ಒರೆಸಿದಳು. ಚಿಕ್ಕದು ಮಾಡಿ, ಇನ್ನೊಂದು ಮೂಲೆಯನ್ನು ಹಿಗ್ಗಿಸಿದಳು. ನಾಲ್ಕೂ ಮೂಲೆಗಳಾದವು. ಮತ್ತೆ ಮೊದಲಿನದಕ್ಕೇ ಬಂದು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಆ ನೀಲಿಯನ್ನು ನೋಡುತ್ತಾ ಕೂತಳು. ಬಸ್ಸಿಗೆ ಕಾಯುವವರ ಮುಖ. ಅಡುಗೆಮನೆಯ ಬಾಗಿಲಲ್ಲಿ ನಿಂತ ಅವಳಿಗೆ ವಾರ್ತೆಯ ದನಿ ಕೇಳುತ್ತಿತ್ತು. ಈ ಮನೆಯಲ್ಲಿ ಅದು ಕೇಳಿಸುವುದು ಅವಳೊಬ್ಬಳಿಗೇ, ನಾಲ್ಕು ನಿಮಿಷ, ಐದು ನಿಮಿಷ.

ಅವಳು ಹೋಗಿ ಅಮ್ಮನೆದುರು ನೆಲದ ಮೇಲೆ ಕೂತಳು. ಪಕ್ಕದಲ್ಲಲ್ಲ, ಎದುರಿಗೆ. ಅಮ್ಮನ ಕಣ್ಣು ಅಭ್ಯಾಸದಿಂದ ಅವಳ ಕೈಗಳ ಮೇಲೆ ಬಿತ್ತು.

"ಅಲ್ಲಿ ಅವಳಿಲ್ಲ. ನಾಲ್ಕು ತಿಂಗಳಾಯಿತು. ನೋಡಿದ್ದೆಲ್ಲ ಹಳೆಯದು. ಜಡೆಯವಳು ಹೇಳಿದ್ದು ನಿಜ." ಸನ್ನೆಗಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತಿದ್ದವು, ನಿಲ್ಲಿಸಿ ಮತ್ತೆ ಮೊದಲಿನಿಂದ ಹೇಳಿದಳು. ಹಳೆಯದನ್ನು ಹಾಕಿದ್ದು. ದಿನಾ ಹಾಕಿದ್ದು. ಡಾಕ್ಟರು ಅಂದದ್ದು. ಮೆಟ್ಟಿಲ ಮೇಲಿನ ಮಾತು. ಒಂದನ್ನೂ ಮಡಚದೆ ಹೇಳಿದಳು. "ತಪ್ಪಾಯಿತು" ಎಂದಳು.

ಅಮ್ಮ ಹುಬ್ಬು ಗಂಟಿಕ್ಕಿ ಪೂರ್ತಿ ನೋಡಿದಳು. ಆಮೇಲೆ ಮುಂಗೈ ತಿರುಗಿಸಿ ಕೇಳಿದಳು. "ಯಾರು ಹೇಳುತ್ತಿರುವುದು?"

ಒಂಬತ್ತು ವರ್ಷಗಳಿಂದ ಆ ಕೈಗಳಲ್ಲಿ ಬಂದದ್ದೆಲ್ಲ ಯಾರದೋ ಮಾತು. ಅವಳು ಎದೆ ಮುಟ್ಟಿಕೊಂಡರೆ ಅದು ಡಾಕ್ಟರು, ಅಂಗಡಿಯವನು, ಮನೆಯೊಡತಿ, ಫೋನಿನಾಚೆಯ ಅಕ್ಕ. ಅವಳು ಎದೆಯ ಮೇಲೆ ಕೈಯಿಟ್ಟಳು.

ಅಮ್ಮ ಅವಳ ಹೆಗಲಾಚೆ ಬಾಗಿಲ ಕಡೆ ನೋಡಿದಳು, ಅಲ್ಲಿ ಯಾರು ಬಂದು ನಿಂತಿದ್ದಾರೆಂದು. ಬಾಗಿಲು ಮುಚ್ಚಿತ್ತು. ಅವಳು ಕೈ ತೆಗೆಯಲಿಲ್ಲ. ಅಮ್ಮನ ನೋಟ ಬಾಗಿಲಿಂದ ಹಿಂದಿರುಗಿ, ಮೊದಲು ಕೈಗೆ ಬಂತು, ಅಲ್ಲಿ ಸ್ವಲ್ಪ ಹೊತ್ತು ನಿಂತು, ನಿಧಾನವಾಗಿ ಮುಖಕ್ಕೆ ಏರಿತು.